ಏಳು ತಂತಿಯ ಪಿಟೀಲು

ನಮ್ಮ ಮುದಗಲ್ಲಿನಲ್ಲಿ ಚರಿತ್ರೆಗೆ ಬರವಿಲ್ಲ. ಕೋಟೆ ಇದೆ, ಕಂದಕ ಇದೆ, ಕಲ್ಲಿನ ಮೇಲೆ ಶಾಸನಗಳಿವೆ. ವಿಜಯನಗರದವರೂ ಬಹಮನಿಯವರೂ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳೂ ಈ ರಾಯಚೂರು ದೋಆಬಿಗಾಗಿ ಎಷ್ಟು ಸಲ ಕಾದಾಡಿದರೆಂದು ಹೇಳುತ್ತ ಹೋದರೆ ನಲವತ್ತು ನಿಮಿಷದ ಪಿರಿಯಡ್ಡು ಸಾಲುವುದಿಲ್ಲ. ಆದರೆ ವರ್ಷಾನುಗಟ್ಟಲೆ ಇದೇ ಪಾಠ ಮಾಡಿದ ಮೇಲೆ ನನಗೆ ಒಂದು ಮಾತು ಹೊಳೆದಿದೆ. ಕಾದಾಡಿದವರು ಕಲ್ಲು ಬಿಟ್ಟುಹೋದರು, ಹಾಡಿದವರು ಏನನ್ನೂ ಬಿಟ್ಟುಹೋಗಲಿಲ್ಲ. ನಾದ ಹುಟ್ಟಿದ ಗಳಿಗೆಯಲ್ಲೇ ಸಾಯುತ್ತದೆ. ಅದಕ್ಕೆ ಶಾಸನವಿಲ್ಲ. ಹಾಗಾಗಿ ನಮ್ಮ ಪಠ್ಯಪುಸ್ತಕದಲ್ಲಿ ಸಂಗೀತಗಾರರು ಪಾಠದ ಕೊನೆಯಲ್ಲಿ, 'ಕಲೆ ಮತ್ತು ಸಾಹಿತ್ಯ' ಎಂಬ ತಲೆಬರಹದ ಕೆಳಗೆ, ಎರಡು ಸಾಲಿನಲ್ಲಿ ಮುಗಿದುಹೋಗುತ್ತಾರೆ.

ಆ ಎರಡು ಸಾಲಿನವರಲ್ಲಿ ಒಬ್ಬರ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆಂದು ಬಹಳ ದಿನದಿಂದ ಆಸೆ. ಅವರು ಪಿಟೀಲು ಚೌಡಯ್ಯನವರು.

ಮೊದಲು ಪಿಟೀಲಿನ ಮಾತು. ಹೆಸರೇ ಹೇಳುವಂತೆ ಇದು ಹೊರಗಿನಿಂದ ಬಂದ ವಾದ್ಯ. ಇಂಗ್ಲಿಷರ ಫಿಡಲ್ ನಮ್ಮವರ ಬಾಯಲ್ಲಿ ಪಿಟೀಲಾಯಿತು. ಇನ್ನೂರು ವರ್ಷಗಳ ಹಿಂದೆ ಮದರಾಸಿನ ಕಡೆ ಯುರೋಪಿಯನ್ನರು ನುಡಿಸುತ್ತಿದ್ದುದನ್ನು ಕೇಳಿ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು, ನಮ್ಮ ರಾಗಗಳನ್ನು ಅದರಲ್ಲಿ ತಂದರು ಎಂದು ಸಂಗೀತದ ಚರಿತ್ರೆ ಹೇಳುತ್ತದೆ. ತಂಜಾವೂರಿನ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನೇ ಉಡುಗೊರೆ ಕೊಟ್ಟರಂತೆ. ಅವರು ನಿಂತು, ಗದ್ದದ ಕೆಳಗೆ ಒತ್ತಿ ನುಡಿಸುವುದನ್ನು ನಮ್ಮವರು ನೆಲಕ್ಕೆ ಕೂತು, ವಾದ್ಯದ ತುದಿಯನ್ನು ಪಾದದ ಮೇಲಿಟ್ಟು ನುಡಿಸಿದರು. ಎಡಗೈಗೆ ವಾದ್ಯ ಹಿಡಿಯುವ ಹೊರೆ ತಪ್ಪಿತು. ಬೆರಳು ತಂತಿಯ ಮೇಲೆ ಸಲೀಸಾಗಿ ಜಾರತೊಡಗಿತು. ಗಮಕ ಬಂತು. ಪರದೇಶದ ಸೊಸೆ ನಮ್ಮ ಮನೆಯ ಅಡುಗೆ ಕಲಿತು, ಕೊನೆಗೆ ಅತ್ತೆಗಿಂತ ಚೆನ್ನಾಗಿ ಮಾಡಿದ ಹಾಗೆ!

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ. ಕಾವೇರಿ ಮತ್ತು ಕಪಿಲೆ ಕೂಡುವ ಜಾಗ ಅದು. 1910ರ ಸುಮಾರಿಗೆ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಸೇರಿದರು. ಸುಮಾರು ಎಂಟು ವರ್ಷ ಗುರುಕುಲವಾಸ. ಕೃಷ್ಣಪ್ಪನವರು ಹಾಡುಗಾರರು, ಶಿಸ್ತಿನ ಮನುಷ್ಯ. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದವರೂ ಅವರೇ. ಕಚೇರಿಯಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಜಾಗ ಕೊಟ್ಟವರೆಂದು ಅವರನ್ನು ನೆನೆಯುತ್ತಾರೆ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಬಾಳಿದ ರಾಯಚೂರು ಜಿಲ್ಲೆಯವರಾದ ನಮಗೆ ಇದೊಂದು ಸಂತೋಷದ ಸಂಗತಿ. ನಮ್ಮ ಅವ್ವಂದಿರು ಬೀಸುವಾಗ, ಕಸ ಹೊಡೆಯುವಾಗ ಗುನುಗುತ್ತಿದ್ದ ದಾಸರ ಪದಗಳು ಅಲ್ಲಿ ಜರತಾರಿ ರುಮಾಲಿನವರ ಮುಂದೆ ಸಭೆ ಏರಿದ್ದವು.

ಹಾಡುವ ಗುರುವಿನ ಬಳಿ ಪಿಟೀಲು ಕಲಿತದ್ದು ಚೌಡಯ್ಯನವರಿಗೆ ದೊಡ್ಡ ವರವಾಯಿತು. ಕಂಠದಲ್ಲಿ ಬಂದದ್ದೆಲ್ಲ ತಂತಿಯಲ್ಲಿ ಬರಲೇಬೇಕು ಎಂಬ ಹಟ ಆಗಲೇ ಬೇರೂರಿತು. ಹಾಡಿನ ಜೊತೆ ಹಾಡಿನಂತೆಯೇ ನಡೆಯುವ ಕೈ ಅವರದಾಯಿತು. ಮುಂದೆ ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಚೆಂಬೈ ವೈದ್ಯನಾಥ ಭಾಗವತರ್ ಅವರಂಥ ಘಟಾನುಘಟಿಗಳ ಪಕ್ಕದಲ್ಲಿ ಕೂತು ನುಡಿಸಿದರು. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಮತ್ತು ಚೌಡಯ್ಯ, ಈ ಮೂವರನ್ನು ಪಿಟೀಲಿನ ತ್ರಿಮೂರ್ತಿಗಳೆಂದು ದಕ್ಷಿಣ ದೇಶವೆಲ್ಲ ಕರೆಯಿತು.

ಈಗ ಆ ಕಾಲದ ಕಚೇರಿಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ರಾಮನವಮಿಯ ಚಪ್ಪರ. ಮುಂದೆ ಜಮಖಾನೆಯ ಮೇಲೆ ದೊಡ್ಡವರು, ಹಿಂದೆ ಬರಿನೆಲದ ಮೇಲೆ ನೂರಾರು ಜನ, ಅವರ ಹಿಂದೆ ನಿಂತವರು, ಒಂದು ಮಗ್ಗುಲಿಗೆ ಕೂಸು ಎತ್ತಿಕೊಂಡ ಹೆಂಗಸರು. ಮೈಕು ಇಲ್ಲ. ಕಚೇರಿ ನಾಲ್ಕು ತಾಸು, ಐದು ತಾಸು. ಹಾಡುಗಾರರ ಕಂಠ ಗಂಟೆಯಂಥದು, ಕೊನೆಯ ಸಾಲಿಗೂ ಮುಟ್ಟುತ್ತದೆ. ಮೃದಂಗ ಮುಟ್ಟುತ್ತದೆ. ಘಟ ಕೂಡ ಮುಟ್ಟುತ್ತದೆ. ನಾಲ್ಕು ತಂತಿಯ ಪಿಟೀಲು? ಮುಂದಿನ ಹತ್ತು ಸಾಲು ದಾಟುವುದರೊಳಗೆ ಗಾಳಿಯಲ್ಲಿ ಕರಗಿಹೋಗುತ್ತದೆ.

ಕಚೇರಿಯಲ್ಲಿ ಪಿಟೀಲಿನವರ ಕೆಲಸ ಸಣ್ಣದಲ್ಲ. ಹಾಡುಗಾರರು ರಾಗ ವಿಸ್ತರಿಸುವಾಗ ನೆರಳಿನಂತೆ ಹಿಂದೆ ಹೋಗಬೇಕು. ಅವರು ನಿಲ್ಲಿಸಿದಾಗ ಅದೇ ರಾಗವನ್ನು ತಾನೊಬ್ಬನೇ ಕಟ್ಟಿ ತೋರಿಸಬೇಕು. ಕಲ್ಪನಾಸ್ವರ ಹಾಕುವಾಗ ಅವರು ಒಂದು ಆವರ್ತ ಎಸೆದರೆ, ಯೋಚಿಸಲು ಗಳಿಗೆಯೂ ಇಲ್ಲದೆ ಅದಕ್ಕೆ ಸರಿಸಮನಾದ ಇನ್ನೊಂದನ್ನು ಮರಳಿ ಎಸೆಯಬೇಕು. ಪಲ್ಲವಿ ಬಂತೆಂದರೆ ಅದು ಪರೀಕ್ಷೆಯೇ. ಮುಂಚೆ ತಿಳಿಸದ ಪಲ್ಲವಿ, ಕಠಿಣ ತಾಳ, ಸಾವಿರ ಕಣ್ಣು. ಮನೆಯಲ್ಲಿ ಬರೆದಿಟ್ಟುಕೊಂಡು ಬರುವ ಹಾಗಿಲ್ಲ, ತಪ್ಪಿದರೆ ಅಳಿಸಿ ಬರೆಯುವ ಹಾಗಿಲ್ಲ. ಇಷ್ಟೆಲ್ಲ ಮಾಡಿಯೂ ಹಿಂದೆ ಕೂತವರಿಗೆ ಅದು ಕೇಳದೆ ಹೋದರೆ? ಬಿಲ್ಲು ಆಡುವುದು ಕಾಣುತ್ತದೆ, ನಾದ ಇಲ್ಲ.

ಇದು ಚೌಡಯ್ಯನವರನ್ನು ಕಾಡಿತು. ಪಕ್ಕವಾದ್ಯದವನ ಹಣೆಬರಹ ಇಷ್ಟೇ ಎಂದು ಅವರು ಸುಮ್ಮನಾಗಲಿಲ್ಲ. ಬಿಲ್ಲನ್ನು ಇನ್ನಷ್ಟು ಒತ್ತಿದರೆ ಸದ್ದು ದೊಡ್ಡದಾಗುತ್ತದೆ, ಆದರೆ ಇಂಪು ಹೋಗಿ ಕರ್ಕಶವಾಗುತ್ತದೆ. ಹಾಗಾದರೆ ವಾದ್ಯವನ್ನೇ ಬದಲಿಸಬೇಕು. 1927ರ ಹೊತ್ತಿಗೆ ಅವರು ಇದ್ದ ನಾಲ್ಕು ತಂತಿಗೆ ಇನ್ನೂ ಮೂರನ್ನು ಜೋಡಿ ತಂತಿಗಳಾಗಿ ಸೇರಿಸಿ ಏಳು ತಂತಿಯ ಪಿಟೀಲನ್ನು ಸಭೆಗೆ ತಂದರು. ಒಂದೇ ಬಿಲ್ಲಿನ ಎಳೆತಕ್ಕೆ ಜೋಡಿ ತಂತಿಗಳೆರಡೂ ಒಟ್ಟಿಗೆ ಮಿಡಿಯುತ್ತವೆ. ನಾದ ದಪ್ಪವಾಗುತ್ತದೆ, ದೂರ ಹೋಗುತ್ತದೆ.

ಹೇಳಲು ಸುಲಭ. ಒಂದು ಬೆರಳು ಎರಡು ತಂತಿಯನ್ನು ಒಂದೇ ಸಲ ಒತ್ತಬೇಕು. ಎರಡೂ ಕೂದಲೆಳೆಯಷ್ಟು ತಪ್ಪದೆ ಕೂಡಬೇಕು. ತಪ್ಪಿದರೆ ಜಗಳವಾಡುವ ಓರಗಿತ್ತಿಯರ ಹಾಗೆ ಒಂದು ಇತ್ತ, ಒಂದು ಅತ್ತ. ಶ್ರುತಿ ಮಾಡುವ ಕೆಲಸವೂ ಹೆಚ್ಚಾಯಿತು. ನಾಲ್ಕರಲ್ಲಿ ಇಪ್ಪತ್ತು ವರ್ಷ ಪಳಗಿದ ಬೆರಳಿಗೆ ಏಳನ್ನು ಕಲಿಸಬೇಕೆಂದರೆ ಮತ್ತೆ ಓನಾಮದಿಂದ ಸಾಧನೆ. ಆಗ ಅವರ ವಯಸ್ಸು ಮೂವತ್ತೆರಡು, ಹೆಸರು ಬಂದಿತ್ತು. ಹೆಸರು ಬಂದ ಮೇಲೆ ಹೊಸದಾಗಿ ಕಲಿಯಲು ಕೂರುವವರು ಎಷ್ಟು ಜನ?

ಎಲ್ಲರೂ ಮೆಚ್ಚಿದರು ಎಂದೇನೂ ಅಲ್ಲ. ಇಷ್ಟು ಗಡುಸು ನಾದ ಏಕೆ, ಪಿಟೀಲಿನ ನಯ ಹೋಯಿತು ಎಂದವರೂ ಇದ್ದರು. ಇಂದಿಗೂ ರಸಿಕರಲ್ಲಿ ಆ ವಾದ ಇದೆ. ನಾನು ಸಂಗೀತ ಕಲಿತವಳಲ್ಲ, ತೀರ್ಪು ಕೊಡಲಾರೆ. ಅವರ ಹಳೆಯ ಧ್ವನಿಮುದ್ರಣ ಕೇಳುವಾಗ ನನಗೆ ಅನಿಸುವುದು ಇಷ್ಟೇ: ಈ ನಾದ ಮುಂದಿನ ಸಾಲಿನವರಿಗಾಗಿ ಹುಟ್ಟಿದ್ದಲ್ಲ, ಹಿಂದೆ ನಿಂತವರಿಗಾಗಿ ಹುಟ್ಟಿದ್ದು.

ಈ ಪಾಠ ಹೇಳುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಟೀಚರ್, ಜಾಸ್ತಿ ತಂತಿ ಹಾಕಿದ್ರ ಜಾಸ್ತಿ ಶಾಣ್ಯಾ ಅಂದಂಗೇನ್ರಿ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಇಟಲಿಯ ಪಗನಿನಿಯ ಕಥೆ ಹೇಳಿದೆ. 1782ರಲ್ಲಿ ಹುಟ್ಟಿ 1840ರಲ್ಲಿ ತೀರಿಕೊಂಡ ಆ ಮಹಾ ಪಿಟೀಲುಗಾರ ಇದ್ದ ನಾಲ್ಕು ತಂತಿಯಲ್ಲಿ ಮೂರನ್ನು ಬಿಟ್ಟು, ಒಂದೇ ತಂತಿಯ ಮೇಲೆ ಇಡೀ ರಚನೆ ನುಡಿಸಿ ತೋರಿಸುತ್ತಿದ್ದ. ಜನ ಹುಚ್ಚೆದ್ದು ಟಿಕೀಟು ಕೊಂಡು ಬರುತ್ತಿದ್ದರು. ಇವನಿಗೆ ಸೈತಾನನೇ ಕಲಿಸಿರಬೇಕು ಎಂದು ಯುರೋಪಿನ ತುಂಬ ಗುಲ್ಲಾಗಿತ್ತು. ಅವನದು ತಂತಿ ಬಿಡುವ ಚಮತ್ಕಾರ, ಇವರದು ತಂತಿ ಸೇರಿಸುವ ಪ್ರಯತ್ನ. ಅವನ ಕಚೇರಿಯಲ್ಲಿ ಅವನೇ ನಾಯಕ, ಎಲ್ಲರೂ ಬಂದದ್ದು ಅವನನ್ನು ನೋಡಲಿಕ್ಕೇ. ಇವರು ಇನ್ನೊಬ್ಬರ ಕಚೇರಿಯಲ್ಲಿ ಪಕ್ಕದಲ್ಲಿ ಕೂತವರು. ಬೆರಗುಗೊಳಿಸುವುದಕ್ಕೆ ಮೊದಲು ಇವರು ಕೇಳಿಸಬೇಕಾಗಿತ್ತು. ಹುಡುಗಿ ತಲೆಯಾಡಿಸಿ ಕೂತಳು.

ವಿಚಿತ್ರವೆಂದರೆ, ಇಷ್ಟು ಕಷ್ಟಪಟ್ಟು ಕಟ್ಟಿದ ವಾದ್ಯ ಬಂದ ಕೆಲವೇ ವರ್ಷಗಳಲ್ಲಿ ಸಭೆಗಳಿಗೆ ಮೈಕು ಬಂತು. ಮೈಕಿನ ಮುಂದೆ ನಾಲ್ಕು ತಂತಿಯೇ ಸಾಕಷ್ಟಾಯಿತು. ಆದರೂ ಚೌಡಯ್ಯನವರು ತಮ್ಮ ಏಳು ತಂತಿಯನ್ನು ಬಿಡಲಿಲ್ಲ. ಅದು ಅಷ್ಟರಲ್ಲಿ ಬರೀ ಸದ್ದಿನ ಉಪಾಯವಾಗಿ ಉಳಿದಿರಲಿಲ್ಲ, ಅವರ ದನಿಯೇ ಆಗಿತ್ತು. ಮೈಸೂರಿನ ಆಸ್ಥಾನ ವಿದ್ವಾಂಸರಾದರು. 'ತ್ರಿಮಕುಟ' ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಸ್ಥಾಪಿಸಿದರು. 1943ರಲ್ಲಿ 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನೂ ತೆಗೆದರು. ನಿರ್ದೇಶನ ಕೆ. ಹಿರಣ್ಣಯ್ಯನವರದು. ನಮ್ಮ ಪಂಢರಿಬಾಯಿ ಮೊದಲು ತೆರೆಗೆ ಬಂದದ್ದು ಅದೇ ಚಿತ್ರದಲ್ಲಿ. ಚೆಂಬೈ ಅವರ ಕಚೇರಿಯ ದೃಶ್ಯವೂ ಅದರಲ್ಲಿತ್ತು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಗೌರವ ಸಂದಿತು.

1957 ಎಂದಾಗ ನನಗೆ ನಮ್ಮೂರು ನೆನಪಾಗುತ್ತದೆ. ಅವರು ಏಳು ತಂತಿ ಕಟ್ಟಿದಾಗ ಮುದಗಲ್ಲು ನಿಜಾಮರ ಹೈದರಾಬಾದಿನಲ್ಲಿತ್ತು. ಮೈಸೂರು ಎಂದರೆ ಬೇರೆಯೇ ದೇಶ. 1956ರ ನವೆಂಬರಿನಲ್ಲಿ ರಾಜ್ಯ ಒಂದಾಗಿ ಆಗಿನ್ನೂ ಒಂದು ವರ್ಷ. ನಮ್ಮ ಕಡೆ ಕಿವಿ ಹಿಂದೂಸ್ತಾನಿಯದು. ಮೊಹರಮ್ಮಿನ ಹಲಗೆ, ಅಲಾಯಿ ಕುಣಿತ, ಭಜನೆಯ ಪೇಟಿ, ನಾಟಕ ಕಂಪನಿಯ ತಬಲಾ, ಇವು ನಮ್ಮವು. ಆದರೂ ಪಿಟೀಲು ನಮಗೆ ದೂರದ್ದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ನುಡಿಸದ ವಾದ್ಯವಿರಲಿಲ್ಲ, ಪಿಟೀಲೂ ಅದರಲ್ಲಿ ಒಂದು. ಕಣ್ಣಿಲ್ಲದ ಆ ಅಜ್ಜ 2010ರಲ್ಲಿ ಲಿಂಗೈಕ್ಯರಾಗುವವರೆಗೂ ಎಷ್ಟು ಕಣ್ಣಿಲ್ಲದ ಮಕ್ಕಳಿಗೆ ಸಂಗೀತದಿಂದ ಅನ್ನದ ದಾರಿ ತೋರಿಸಿದರೋ ಲೆಕ್ಕವಿಲ್ಲ.

ಇಷ್ಟು ಹೇಳಿ ಹೆಣ್ಣುಮಕ್ಕಳ ಮಾತನ್ನು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಚಪ್ಪರದ ಮಗ್ಗುಲಲ್ಲಿ ಕೂಸು ಎತ್ತಿಕೊಂಡು ನಿಂತಿದ್ದರಲ್ಲ, ಅವರು ವೇದಿಕೆಗೆ ಬಂದದ್ದು ಯಾವಾಗ? ಹಾಡಲು ಸ್ವಲ್ಪ ಬೇಗ ಬಂದರು. ಪಕ್ಕವಾದ್ಯಕ್ಕೆ ಬರುವುದು ಇನ್ನೂ ಕಷ್ಟವಾಯಿತು. ಮೃದಂಗದ ಮಹಾ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಬಹುಕಾಲ ಹೆಣ್ಣುಮಕ್ಕಳ ಹಾಡಿಗೆ ನುಡಿಸುತ್ತಿರಲಿಲ್ಲ. ಬಹಳ ತಡವಾಗಿ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿದರು. ಕಾಲ ಹಾಗಿತ್ತು. ಹಿಂದೂಸ್ತಾನಿಯಲ್ಲಿ 1938ರಲ್ಲಿ ಹುಟ್ಟಿದ ಎನ್. ರಾಜಂ ಪಿಟೀಲನ್ನು ಹಾಡಿಸಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕಲಿಸಿದರು. ಎಂ.ಎಲ್. ವಸಂತಕುಮಾರಿಯವರ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ನುಡಿಸಿದ ಎ. ಕನ್ಯಾಕುಮಾರಿ ಅವರಿಗೆ 'ಸಂಗೀತ ಕಲಾನಿಧಿ' ಬಂದದ್ದು 2016ರಲ್ಲಿ. ಪಿಟೀಲಿನ ಹೆಣ್ಣುಮಗಳೊಬ್ಬಳಿಗೆ ಆ ಗೌರವ ಅದೇ ಮೊದಲು. ಚೌಡಯ್ಯನವರಿಗೂ ಇವರಿಗೂ ನಡುವೆ ಐವತ್ತೊಂಬತ್ತು ವರ್ಷ!

ಚಿಕ್ಕಂದಿನಲ್ಲಿ ನನಗೂ ಪೇಟಿ ಕಲಿಯುವ ಆಸೆ ಇತ್ತು. "ಮನ್ಯಾಗ ಹಾಡ್ಕೊ ತಂಗಿ, ಮಂದಿ ಮುಂದ ಕೂತು ಬಾರಿಸೂದು ನಮ್ಮಂಥವರಿಗೆ ಚಂದಲ್ಲ" ಎಂದರು ಬಂಧುಗಳಲ್ಲಿ ಹಿರಿಯರೊಬ್ಬರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಒಂದು ಮಾತಿಗೆ ನಮ್ಮ ಓಣಿಯ ಎಷ್ಟು ಹುಡುಗಿಯರ ಬೆರಳು ಸುಮ್ಮನಾದವೋ! ಈಗ ನಮ್ಮ ಶಾಲೆಯ ಹುಡುಗಿಯರು ಗಣರಾಜ್ಯೋತ್ಸವಕ್ಕೆ ಹಾಡುತ್ತಾರೆ, ಮೈಕನ್ನು ಹೆದರದೆ ಹಿಡಿಯುತ್ತಾರೆ. ಹತ್ತನೆಯ ತರಗತಿ ಮುಗಿದ ಮೇಲೆ ಆ ದನಿಗಳು ಎಲ್ಲಿ ಹೋಗುತ್ತವೆ ಎಂಬುದೇ ನನ್ನ ಚಿಂತೆ.

ನಾವು ಬಹುಪಾಲು ಹೆಂಗಸರು ಪಕ್ಕವಾದ್ಯದವರೇ ಅಲ್ಲವೇ? ಮನೆಯ ಕಚೇರಿಯಲ್ಲಿ ಹಾಡುವವರು ಬೇರೆ, ಶ್ರುತಿ ತಪ್ಪದಂತೆ ಜೊತೆ ಹೋಗುವವರು ನಾವು. ಗಂಡನ ನೌಕರಿ, ಮಕ್ಕಳ ಪರೀಕ್ಷೆ, ಅತ್ತೆಯ ಮದ್ದು, ಯಾವ ಗಳಿಗೆಗೆ ಯಾವ ತಾಳವೋ ಮುಂಚೆ ತಿಳಿಯದು. ಎಲ್ಲದಕ್ಕೂ ಸರಿಯಾಗಿ ನುಡಿಸುತ್ತೇವೆ, ಕೊನೆಯ ಸಾಲಿಗೆ ಕೇಳುವುದಿಲ್ಲ. ಪಕ್ಕದಲ್ಲಿ ಕೂರುವುದು ಕೀಳಲ್ಲ. ಚೌಡಯ್ಯನವರು ಬಾಳೆಲ್ಲ ಬೇರೆಯವರ ಪಕ್ಕದಲ್ಲಿ ಕೂತು ನುಡಿಸಿಯೇ ದೊಡ್ಡವರಾದರು. ಪಕ್ಕದಲ್ಲಿ ಕೂತವನದೂ ಒಂದು ನಾದ, ಅದೂ ಎಲ್ಲರಿಗೂ ಮುಟ್ಟಬೇಕು ಎಂಬುದಷ್ಟೇ ಅವರ ಹಟ. ಆ ಹಟಕ್ಕೆ ಅವರು ಯಾರೊಡನೆಯೂ ಜಗಳ ಆಡಲಿಲ್ಲ, ಹಾಡುಗಾರರ ದನಿ ತಗ್ಗಿಸಿ ಎನ್ನಲಿಲ್ಲ. ತಮ್ಮ ವಾದ್ಯಕ್ಕೆ ಮೂರು ತಂತಿ ಕಟ್ಟಿಕೊಂಡು, ಮತ್ತೆ ಸಾಧನೆಗೆ ಕೂತರು.

1967ರ ಜನವರಿ 19ರಂದು ಅವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನ ಎದ್ದಿತು. ಇಡೀ ಕಟ್ಟಡವೇ ಮಲಗಿಸಿಟ್ಟ ಏಳು ತಂತಿಯ ಪಿಟೀಲಿನ ಆಕಾರ. ರಾಜರಿಗೆ ಕೋಟೆ ಇರುತ್ತದೆ, ಸೇನಾಪತಿಗಳಿಗೆ ಪ್ರತಿಮೆ ಇರುತ್ತದೆ. ಪಕ್ಕವಾದ್ಯದವರೊಬ್ಬರ ವಾದ್ಯವನ್ನೇ ಇಷ್ಟು ದೊಡ್ಡದಾಗಿ ಕಟ್ಟಿ, ಅದರ ಹೊಟ್ಟೆಯೊಳಗೆ ಸಾವಿರ ಜನ ಕೂತು ಸಂಗೀತ ಕೇಳುವ ಹಾಗೆ ಮಾಡಿದ್ದು ನಮ್ಮ ನಾಡಿನ ದೊಡ್ಡತನ. ನೀವು ಬೆಂಗಳೂರಿಗೆ ಹೋದರೆ, ಮಲ್ಲೇಶ್ವರದ ಕಡೆ ನಿಮಗೆ ಕೆಲಸವಿದ್ದರೆ, ಹೆಣ್ಣುಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಅದನ್ನು ತೋರಿಸಿರಿ. ತಂತಿ ಎಷ್ಟಿವೆ ಎಂದು ಅವರೇ ಎಣಿಸಲಿ.