ನಾಯಿಮರಿಯ ಸಾಮಾಜೀಕರಣ

ನಾಯಿಮರಿಯ ಸಾಮಾಜೀಕರಣ ಎಂದರೆ ಮರಿಯು ಇತರ ನಾಯಿಗಳು, ಮನುಷ್ಯರು, ಶಬ್ದಗಳು ಹಾಗೂ ಹೊಸ ಸ್ಥಳಗಳೊಡನೆ ಅಂಜಿಕೆಯಿಲ್ಲದೆ ಹೊಂದಿಕೊಳ್ಳಲು ಕಲಿಯುವ ಪ್ರಕ್ರಿಯೆ. ಮನೆಯಲ್ಲಿ ಸಾಕಿದ ಅಂಜುಬುರುಕ ಮರಿಯನ್ನು ಇತರ ನಾಯಿಗಳೊಡನೆ ಬೆರೆಸುವ ಕ್ರಮ ಇದರ ಮುಖ್ಯ ಭಾಗ.

ಸೂಕ್ಷ್ಮ ಅವಧಿ

ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಾಯಿಗಳ ವರ್ತನೆಯನ್ನು ಹಲವು ವರ್ಷ ಅಧ್ಯಯನ ಮಾಡಿ, 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮರಿಯ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗಿನ ಕಾಲವನ್ನು ಅವರು ಸಾಮಾಜಿಕ ಕಲಿಕೆಯ ನಿರ್ಣಾಯಕ ಅವಧಿ ಎಂದು ಗುರುತಿಸಿದರು. 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 14 ವಾರಗಳವರೆಗೆ ಮನುಷ್ಯರ ಸಂಪರ್ಕವಿಲ್ಲದೆ ಬೆಳೆದ ಮರಿಗಳು ಬಳಿಕ ಮನುಷ್ಯರನ್ನು ಕಂಡರೆ ಬೆದರಿ ದೂರ ಸರಿಯುತ್ತಿದ್ದವು. ಈ ಅವಧಿ ಮುಗಿದ ಮಾತ್ರಕ್ಕೆ ಕಲಿಕೆ ನಿಲ್ಲುವುದಿಲ್ಲ; ನಿಧಾನವಾಗುತ್ತದೆ.

ಅಂಜುವ ಸ್ವಭಾವದಲ್ಲಿ ವಂಶವಾಹಿಗಳ ಪಾತ್ರವೂ ಇದೆ. ಸ್ಕಾಟ್ ಮತ್ತು ಫುಲ್ಲರ್ ಹೋಲಿಸಿದ ಐದು ತಳಿಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿತ್ತು. ಕರ್ನಾಟಕದ ಮುಧೋಳ ನಾಯಿಯೂ ಅಪರಿಚಿತರಿಂದ ದೂರವಿರುವ ತಳಿಯೆಂದೇ ಹೆಸರಾಗಿದೆ. ಆದ್ದರಿಂದ ಮರಿ ಅಂಜುವುದೆಲ್ಲವೂ ಸಾಕಿದವರ ತಪ್ಪೆಂದು ಭಾವಿಸಬೇಕಾಗಿಲ್ಲ.

ಲಸಿಕೆಯ ಇಕ್ಕಟ್ಟು

ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಲಸಿಕೆಯನ್ನು 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಕೆಲವು ವಾರಗಳ ಅಂತರದಲ್ಲಿ 16 ವಾರ ತುಂಬುವವರೆಗೆ ಪುನರಾವರ್ತಿಸಲಾಗುತ್ತದೆ. ಅಷ್ಟರಲ್ಲಿ ಸೂಕ್ಷ್ಮ ಅವಧಿಯೇ ಕಳೆದುಹೋಗಿರುತ್ತದೆ. ಎಲ್ಲ ಚುಚ್ಚುಮದ್ದು ಮುಗಿಯುವವರೆಗೆ ಮರಿಯನ್ನು ಹೊಸ್ತಿಲು ದಾಟಿಸಬಾರದೆಂಬ ಹಳೆಯ ಸಲಹೆಯ ತೊಡಕು ಇದೇ. ಅಮೆರಿಕದ ಪಶುವೈದ್ಯಕೀಯ ಪ್ರಾಣಿವರ್ತನಾ ಸಂಘದ ನಿಲುವಿನ ಪ್ರಕಾರ, ಮೊದಲ ಲಸಿಕೆ ಹಾಕಿಸಿ ಕನಿಷ್ಠ 7 ದಿನಗಳಾದ ಮೇಲೆ, ಜಂತುನಾಶಕವನ್ನೂ ಕೊಟ್ಟಿದ್ದರೆ, 7–8 ವಾರಗಳ ಮರಿಯನ್ನು ಮರಿಗಳ ತರಗತಿಗೆ ಸೇರಿಸಬಹುದು.

ಭಾರತದ ನಗರಗಳಲ್ಲಿ ಲಸಿಕೆಯಿಲ್ಲದ ಬೀದಿನಾಯಿಗಳು ಹೆಚ್ಚಾಗಿರುವುದರಿಂದ ಎಚ್ಚರವೂ ಹೆಚ್ಚು ಬೇಕು. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಮರಿಯನ್ನು ಎತ್ತಿಕೊಂಡೇ ರಸ್ತೆ ತೋರಿಸುವುದು, ಲಸಿಕೆ ಪೂರ್ಣಗೊಂಡ ಪರಿಚಿತ ನಾಯಿಯಿರುವ ಮನೆಗೆ ಕರೆದೊಯ್ಯುವುದು ಇಲ್ಲಿ ಸೂಕ್ತ ಮಾರ್ಗಗಳು.

ಅಂಜಿಕೆಯ ಲಕ್ಷಣಗಳು

ಬಾಲವನ್ನು ಹೊಟ್ಟೆಯಡಿಗೆ ಸೇರಿಸುವುದು, ಕಿವಿಗಳನ್ನು ಹಿಂದಕ್ಕೆ ಒತ್ತಿಹಿಡಿಯುವುದು, ನಿದ್ದೆಯಿಲ್ಲದಿದ್ದರೂ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು ಸಾಮಾನ್ಯ ಲಕ್ಷಣಗಳು. ಕದಲದೆ ನಿಂತ ಮರಿಯನ್ನು ಶಾಂತವಾಗಿದೆಯೆಂದು ತಿಳಿಯುವವರು ಬಹಳ. ಅದು ಭಯದಿಂದ ಮರಗಟ್ಟಿರಲೂಬಹುದು. ಮುಂಗಾಲು ಚಾಚಿ ಎದೆ ತಗ್ಗಿಸಿ ಹಿಂಭಾಗ ಎತ್ತುವ ಭಂಗಿ ಆಟದ ಆಹ್ವಾನ.

ಪರಿಚಯಿಸುವ ಕ್ರಮ

ಹಲವು ನಾಯಿಗಳ ನಡುವೆ ಮರಿಯನ್ನು ಬಿಟ್ಟು ತಾನೇ ಕಲಿಯಲಿ ಎನ್ನುವುದು ಹಾನಿಕರ. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಮರಿಯ ಭಯ ಬಲಿಯುತ್ತದೆ. ಮುಂದೆ ಅದು ಗುರುಗುಟ್ಟುವ, ಕಚ್ಚುವ ಸ್ವಭಾವವಾಗಿ ತಿರುಗಬಹುದು.

ಇನ್ನೊಂದು ನಾಯಿ ಕಾಣುತ್ತಿದ್ದರೂ ಮರಿಯು ತಿನಿಸನ್ನು ಸ್ವೀಕರಿಸುವಷ್ಟು ದೂರದಿಂದ ಆರಂಭಿಸಬೇಕು. ನಾಯಿ ಕಂಡ ಕೂಡಲೇ ರುಚಿಯಾದ ತುಣುಕು ಕೊಡಬೇಕು, ಅದು ಮರೆಯಾದಾಗ ನಿಲ್ಲಿಸಬೇಕು. ಈ ಅನುಕ್ರಮವೇ ಮುಖ್ಯ. ನಾಯಿ ಕಾಣುವ ಮೊದಲೇ ತಿನಿಸು ಹೊರತೆಗೆದರೆ ತಿನಿಸೇ ಅಪಾಯದ ಮುನ್ಸೂಚನೆಯಾಗಿಬಿಡುತ್ತದೆ. ಮರಿ ತಿನ್ನಲು ನಿರಾಕರಿಸಿದರೆ ಅಂತರ ಸಾಲದೆಂದೇ ಅರ್ಥ.

ಮೊದಲ ಗೆಳೆಯನಾಗಿ ಇನ್ನೊಂದು ತುಂಟ ಮರಿಗಿಂತ ಸಮಾಧಾನದ ವಯಸ್ಕ ನಾಯಿ ಲೇಸು. ಎರಡನ್ನೂ ಎದುರುಬದುರಾಗಿ ತರದೆ, ಒಂದೇ ದಿಕ್ಕಿನಲ್ಲಿ ಅಂತರವಿಟ್ಟು ನಡೆಸಿ ಕ್ರಮೇಣ ಹತ್ತಿರವಾಗಿಸಬೇಕು. ಹಗ್ಗ ಸಡಿಲವಾಗಿರಬೇಕು. ಮೂಸಿ ನೋಡುವ ಭೇಟಿ ಕೆಲವೇ ಕ್ಷಣಗಳದ್ದಾದರೆ ಸಾಕು. ಬಳಿಕ ಕರೆದಾಗ ಮರಿ ಮತ್ತೆ ಆ ನಾಯಿಯತ್ತ ತಾನಾಗಿ ಹೋಗುತ್ತದೆಯೇ ಎಂಬುದನ್ನು ಗಮನಿಸಬೇಕು. ಹೋಗದಿದ್ದರೆ ಅಂದಿನ ಪಾಠ ಅಲ್ಲಿಗೇ ಮುಗಿಯಿತು.

ಹೆದರಿದ ಮರಿಯನ್ನು ಸಂತೈಸಿದರೆ ಅಂಜಿಕೆ ಹೆಚ್ಚುತ್ತದೆಂಬ ನಂಬಿಕೆ ಸರಿಯಲ್ಲ. ಗದರಿಸುವುದರಿಂದ ಮಾತ್ರ ಖಂಡಿತ ಕೇಡಾಗುತ್ತದೆ. ವಾರಗಳು ಕಳೆದರೂ ಭಯ ಹೆಚ್ಚುತ್ತಲೇ ಇದ್ದರೆ ಅಥವಾ ಆಟವಾಡುತ್ತಿದ್ದ ಮರಿ ಹಠಾತ್ತನೆ ಹಿಂಜರಿದರೆ ಪಶುವೈದ್ಯರಿಗೆ ತೋರಿಸಬೇಕು. ಕಿವಿಯ ಸೋಂಕು ಅಥವಾ ಕೀಲುನೋವೂ ಮರಿಯನ್ನು ಇತರ ನಾಯಿಗಳಿಂದ ದೂರವಿಡಬಲ್ಲದು.