ಕವಡೆಯಿಂದ ಚದದವರೆಗೆ: ಆಟದ ನಿಯಮಗಳ ಸರಳತೆ ಮತ್ತು ಜಟಿಲತೆ

ಆಟವೆಂಬುದು ನಿಯಮದಿಂದ ಹುಟ್ಟಿ ನಿಯಮದಿಂದಲೇ ಬಾಳತಕ್ಕ ವಸ್ತುವಾದರೂ, ಆ ನಿಯಮಗಳು ಎಷ್ಟಿರಬೇಕು, ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ವಿಷಯದಲ್ಲಿ ಆಡುವವರಲ್ಲಿಯೂ ಆಟವನ್ನು ಕಟ್ಟುವವರಲ್ಲಿಯೂ ಬಹುಕಾಲದಿಂದ ಎರಡು ಪಕ್ಷಗಳುಂಟು. ಅದ್ಭುತಲೋಕದ ವೀರರ, ಮಾಂತ್ರಿಕರ ಪಾತ್ರಗಳನ್ನು ವಹಿಸಿಕೊಂಡು ಮೇಜಿನ ಸುತ್ತ ಕುಳಿತು ಆಡುವ ರೋಲ್-ಪ್ಲೇಯಿಂಗ್ ಆಟಗಳ ಪ್ರಪಂಚದಲ್ಲಿ ಕಳೆದ ಐದು ದಶಕಗಳಿಂದ ಈ ವಿವಾದವು ಪ್ರಬಲವಾಗಿ ನಡೆದುಬಂದಿದೆ. ಆದರೆ ಕಪಿಲೆಯ ದಡದ ನಂಜನಗೂಡಿನಿಂದ ಆ ನದಿ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದವರೆಗಿನ ನಮ್ಮ ಸೀಮೆಯ ಜಗಲಿಗಳಲ್ಲಿಯೂ, ಅದಕ್ಕೆ ಸಮೀಪದ ಮೈಸೂರಿನ ಅರಮನೆಯಲ್ಲಿಯೂ, ಇದೇ ಪ್ರಶ್ನೆಗೆ ಎರಡು ಪರಸ್ಪರ ವಿರುದ್ಧವಾದ ಉತ್ತರಗಳು ಬಹು ಹಿಂದೆಯೇ ದೊರೆತಿದ್ದುವೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಸರಳಪಕ್ಷದ ಪ್ರತಿನಿಧಿಯಾಗಿ ಚೌಕಾಬಾರವನ್ನು ತೆಗೆದುಕೊಳ್ಳಬಹುದು. ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ನೆಲದ ಮೇಲೆ ಗೀಚಿದ 25 ಮನೆಗಳ ಒಂದು ಚೌಕ, ನಾಲ್ಕು ಕವಡೆ, ಆಡುವ ಒಬ್ಬೊಬ್ಬರಿಗೂ ನಾಲ್ಕು ಕಾಯಿ. ಕಾಯಿಗೆ ಬಳೆಯ ಚೂರಾದರೂ ಆದೀತು, ಹುಣಿಸೆಯ ಬೀಜವಾದರೂ ಆದೀತು. ಮೇಲ್ಮುಖವಾಗಿ ಬಿದ್ದ ಕವಡೆಗಳಷ್ಟೇ ಮನೆಗಳ ನಡೆ; ನಾಲ್ಕೂ ಮೇಲ್ಮುಖವಾದರೆ ನಾಲ್ಕು, ನಾಲ್ಕೂ ಮಗುಚಿದರೆ ಎಂಟು, ಈ ಎರಡಕ್ಕೂ ಮತ್ತೊಂದು ಸಲ ಕವಡೆ ಹಾಕುವ ಹಕ್ಕು. ಕಾಯಿಯು ಹೊರಸುತ್ತಿನ 16 ಮನೆಗಳನ್ನು ದಾಟಿ, ಒಳಸುತ್ತಿನ 8 ಮನೆಗಳನ್ನು ಎದುರು ದಿಕ್ಕಿನಲ್ಲಿ ಬಳಸಿ, ನಡುಮನೆಯನ್ನು ಸೇರಿ ಹಣ್ಣಾಗುತ್ತದೆ. ಗುರುತು ಹಾಕಿದ ಕಟ್ಟೆಗಳಲ್ಲಿ ನಿಂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಇಷ್ಟನ್ನು ಅರಿತ ಮಗು ಒಂದು ಮಧ್ಯಾಹ್ನದಲ್ಲಿಯೇ ಅಜ್ಜಿಯೊಡನೆ ಸಮಸಮನಾಗಿ ಆಡಬಲ್ಲದು.

ಆದರೂ ಈ ಸರಳತೆಯು ದಾರಿದ್ರ್ಯವಲ್ಲ. ಒಂದೇ ಮನೆಯಲ್ಲಿ ಕೂಡಿದ ಎರಡು ಕಾಯಿಗಳು ಗಟ್ಟಿಯಾಗುವುವೋ ಇಲ್ಲವೋ, ಗಟ್ಟಿಯನ್ನು ಒಂಟಿ ಕಾಯಿ ಹೊಡೆಯಬಹುದೋ ಕೂಡದೋ, ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತನ್ನು ಪ್ರವೇಶಿಸಬಹುದೋ ಬಾರದೋ ಎಂಬ ಪ್ರಶ್ನೆಗಳಿಗೆ ಮನೆಮನೆಗೂ ಬೇರೆ ಬೇರೆ ಉತ್ತರಗಳಿದ್ದು, ಆಟಕ್ಕೆ ಕುಳಿತವರು ಕವಡೆ ಹಾಕುವುದಕ್ಕೆ ಮುಂಚೆಯೇ ಅವನ್ನು ಬಾಯಿಮಾತಿನಲ್ಲಿ ಗೊತ್ತುಮಾಡಿಕೊಳ್ಳುತ್ತಾರೆ. ಮೂರು ಹುಲಿ, ಹದಿನೈದು ಕುರಿಗಳ ಆಟದಲ್ಲಿಯೂ ಸ್ವಲ್ಪವೇ ಸಾಮಗ್ರಿಯಿಂದ ದೊಡ್ಡ ಫಲವು ಸಿದ್ಧಿಸುತ್ತದೆ: ಹುಲಿಗೆ ಹಾರಿ ಕೊಲ್ಲುವ ಶಕ್ತಿ, ಕುರಿಗೆ ಒಟ್ಟುಗೂಡಿ ದಾರಿಕಟ್ಟುವ ಯುಕ್ತಿ ಎಂದು ಇಬ್ಬರಿಗೂ ಬೇರೆ ಬೇರೆ ಸ್ವಭಾವಗಳನ್ನು ವಿಧಿಸಿದ ಮಾತ್ರಕ್ಕೆ, ಗೆರೆ ಎಳೆದ ಕಲ್ಲಿನ ಮೇಲೆ ಒಂದು ಕಥೆಯೇ ನಡೆಯತೊಡಗುತ್ತದೆ. ಪಾತ್ರವಹಿಸಿ ಆಡುವುದರ ಬೀಜವು ಇಲ್ಲಿಯೇ ಇದೆ.

ಜಟಿಲಪಕ್ಷದ ಚರಿತ್ರೆಯು ಅರಮನೆಗಳ ಚರಿತ್ರೆ. ಬಾಬರನು 1527ರಲ್ಲಿ ಸಿಂಧ್ ಪ್ರಾಂತದ ಮಿತ್ರನಿಗೆ ಗಂಜೀಫಾ ಎಂಬ ಇಸ್ಪೀಟಿನಂಥ ಆಟದ ಎಲೆಗಳನ್ನು ಕಳುಹಿಸಿದ ಸಂಗತಿಯು ಅವನ ಆತ್ಮಚರಿತ್ರೆಯಲ್ಲಿದೆ. ಮೊಗಲ್ ಗಂಜೀಫಾದಲ್ಲಿ 8 ರಂಗು, 96 ಎಲೆ. ಅದನ್ನು ಭಾರತೀಯರು ದಶಾವತಾರಕ್ಕೆ ಅಳವಡಿಸಿಕೊಂಡಾಗ ರಂಗು 10, ಎಲೆ 120 ಆದುವು; ಅರ್ಧ ರಂಗುಗಳಲ್ಲಿ ಅಂಕಿಗಳ ಬಲಾಬಲವು ತಲೆಕೆಳಗಾಗುವುದೆಂದೂ, ಹಗಲಿನಲ್ಲಿ ರಾಮನೂ ರಾತ್ರಿಯಲ್ಲಿ ಕೃಷ್ಣನೂ ಆಟಕ್ಕೆ ಮೊದಲಿಗರೆಂದೂ ವಿಧಿಗಳು ಬೆಳೆದುವು. ಇಲ್ಲಿ ಜಟಿಲತೆಯೊಡನೆ ಪುರಾಣವೂ ಆಟದೊಳಗೆ ಪ್ರವೇಶಿಸಿತೆಂಬುದು ಮುಖ್ಯವಾದ ಅಂಶ.

ಈ ಪಕ್ಷವನ್ನು ಪರಾಕಾಷ್ಠೆಗೆ ಮುಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ನಂಜನಗೂಡಿನ ಶ್ರೀಕಂಠೇಶ್ವರನ ಭಕ್ತರೂ, ಆ ದೇವಾಲಯದ ಮಹಾಗೋಪುರವನ್ನು ತಮ್ಮ ಆಳ್ವಿಕೆಯಲ್ಲಿ ಕಂಡವರೂ ಆದ ಈ ಪ್ರಭುಗಳು, 1831ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ಕೈಸೇರಿದ ಮೇಲೆ, 1868ರಲ್ಲಿ ದೈವಾಧೀನರಾಗುವವರೆಗೂ ಸಾಹಿತ್ಯ, ಚಿತ್ರಕಲೆ, ಕ್ರೀಡೆಗಳಿಗೆ ಆಶ್ರಯದಾತರಾಗಿದ್ದರು. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ತುಳಿಯದಂತೆ ಮಣೆಯನ್ನೆಲ್ಲ ಸುತ್ತಿಸುವ ಬಂಧಗಳನ್ನು ರಚಿಸಿದವರೂ ಅವರೇ. ಒಂಬತ್ತು ನಿಧಿಗಳ ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಚದ ಎಂಬ ಗಂಜೀಫಾ ಆಟಗಳು ವರ್ಣಚಿತ್ರಗಳೊಡನೆ ನಿರೂಪಿತವಾಗಿವೆ. ಸಾಮಾನ್ಯವಾಗಿ ಒಂದು ರಂಗಿನಲ್ಲಿ ಅಂಕಿಯ ಎಲೆ 12, ಅದರ ಮೇಲೆ ಪ್ರಧಾನ ಎಲೆ 6. ಕೆಲವು ಆಟಗಳಲ್ಲಿ ರಂಗುಗಳು 18ರವರೆಗೂ, ಎಲೆಗಳು 360ರವರೆಗೂ ಏರುವುವು. ಸದಾಕಾಲವೂ ತುರುಪಾಗಿರುವ ಎಲೆಗಳೂ, ಯಾವ ಎಲೆಯ ಸ್ಥಾನವನ್ನಾದರೂ ತುಂಬಬಲ್ಲ ಎಲೆಗಳೂ ಉಂಟು. ದೇವತೆಗಳು, ನವಗ್ರಹಗಳು, ದಿಕ್ಪಾಲಕರು, ಪಾಂಡವರು ಇಲ್ಲಿ ಬರಿಯ ಅಲಂಕಾರವಲ್ಲ. ಒಂದು ಸಮಗ್ರ ವಿಶ್ವವನ್ನೇ ಆಟದ ವ್ಯವಸ್ಥೆಯೊಳಗೆ ಹಿಡಿದಿಡುವ ಮಹತ್ವಾಕಾಂಕ್ಷೆಯು ಅದರಲ್ಲಿದೆ. ಆದರೆ ಈ ಆಟಗಳು ಜನರ ನಡುವೆ ಹರಡಲಿಲ್ಲ. ಕಲಾಕೃತಿಯಾಗಿ ಗಂಜೀಫಾ ಉಳಿಯಿತು. ಆಟವಾಗಿ ಚದವು ಗ್ರಂಥಸ್ಥವಾಗಿಯೇ ನಿಂತಿತು.

ಅತ್ತ ಪಾಶ್ಚಾತ್ಯರಲ್ಲಿಯೂ ಇದೇ ಕಾಲದಲ್ಲಿ ಇಂಥದೇ ಪ್ರಯೋಗವೊಂದು ನಡೆಯುತ್ತಿದ್ದಿತು. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್ವಿಟ್ಸ್ ಪ್ರಕಟಿಸಿದ ಯುದ್ಧಕ್ರೀಡೆಯು ಕೋಷ್ಟಕಗಳಿಂದಲೂ ಗಣನೆಗಳಿಂದಲೂ ಭಾರವಾಗಿತ್ತು. 1876ರಲ್ಲಿ ವೆರ್ಡಿ ಎಂಬ ಸೇನಾನಿಯು ಆ ಕೋಷ್ಟಕಗಳನ್ನು ಬದಿಗಿರಿಸಿ, ಅನುಭವಿಯಾದ ಮಧ್ಯಸ್ಥನ ವಿವೇಚನೆಗೇ ತೀರ್ಪನ್ನು ಬಿಟ್ಟುಕೊಟ್ಟನು. ಈ ಪರಂಪರೆಯಿಂದ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ರೋಲ್-ಪ್ಲೇಯಿಂಗ್ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು 1974ರಲ್ಲಿ ಮೂರು ಚಿಕ್ಕ ಪುಸ್ತಿಕೆಗಳಲ್ಲಿ ಹೊರತಂದರು. ಮರುವರ್ಷವೇ ಕೆನ್ ಸೇಂಟ್ ಆಂಡ್ರೆ ಎಂಬುವನು ಅದು ಕಠಿಣವೆಂದು ಭಾವಿಸಿ ‘ಟನಲ್ಸ್ ಅಂಡ್ ಟ್ರೋಲ್ಸ್’ ಎಂಬ ಸುಲಭತರವಾದ ಆಟವನ್ನು ರಚಿಸಿದನು. 1977ರ ಹೊತ್ತಿಗೆ ಮೂಲ ಆಟವೇ ಎರಡು ಶಾಖೆಗಳಾಗಿ ಒಡೆದು, ಹೊಸಬರಿಗೊಂದು ಸರಳ ಆವೃತ್ತಿಯೂ, ನುರಿತವರಿಗೆ ಸಂಪುಟಗಳ ಮೇಲೆ ಸಂಪುಟವಾಗಿ ಬೆಳೆಯುವ ಒಂದು ಪ್ರೌಢ ಆವೃತ್ತಿಯೂ ಹೊರಟುವು. 1980ರ ದಶಕದಲ್ಲಿ ‘ರೋಲ್‌ಮಾಸ್ಟರ್’ನಂಥ ಆಟಗಳು ಪ್ರತಿಯೊಂದು ಪ್ರಹಾರಕ್ಕೂ ಕೋಷ್ಟಕವನ್ನು ಒದಗಿಸಿದುವು, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ಐದನೆಯ ಆವೃತ್ತಿಯಾದರೋ ಮತ್ತೆ ಸರಳತೆಯ ಕಡೆಗೆ ಹೊರಳಿತು.

ಈ ಇತಿಹಾಸವನ್ನು ನಮ್ಮ ಜಗಲಿ, ಅರಮನೆಗಳ ಅನುಭವದೊಡನೆ ಇಟ್ಟು ನೋಡಿದರೆ, ಪ್ರಶ್ನೆಯು ನಿಯಮಗಳ ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ವಾಸಸ್ಥಾನವನ್ನು ಕುರಿತದ್ದೆಂದು ತೋರುತ್ತದೆ. ಆಡುವವರ ನೆನಪಿನಲ್ಲಿ ನೆಲೆಸಿದ ನಿಯಮವನ್ನು ಅವರು ತಿದ್ದಬಲ್ಲರು, ಮಕ್ಕಳಿಗೆ ದಾಟಿಸಬಲ್ಲರು. ಗ್ರಂಥದಲ್ಲಿ ಮಾತ್ರ ನೆಲೆಸಿದ ನಿಯಮಕ್ಕೆ ಓದುಗನೂ ಬೇಕು, ವಿರಾಮವೂ ಬೇಕು, ಪೋಷಕನೂ ಬೇಕು. ಪೋಷಕನು ಮರೆಯಾದೊಡನೆ ಅದರ ಸಂಚಾರವೇ ನಿಲ್ಲುತ್ತದೆ. ಅಂದಮಾತ್ರಕ್ಕೆ ಜಟಿಲತೆಯು ವ್ಯರ್ಥವೆನ್ನಲಾಗದು. ನಾಲ್ಕು ಕವಡೆಗಳಿಂದ ನವಗ್ರಹಗಳ ವಿಶ್ವವು ನಿರ್ಮಾಣವಾಗಲಾರದು. ಹಿರಿದಾದ ಕಲ್ಪನೆಗೆ ಹಿರಿದಾದ ರಚನೆಯೂ ಒಮ್ಮೊಮ್ಮೆ ಅವಶ್ಯ.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಮತ್ತೆ ಜನರ ಕೈಗೆ ತಲುಪಿಸುತ್ತಿರುವುದೂ, ರಘುಪತಿ ಭಟ್ಟರಂಥ ಕಲಾವಿದರು ಗಂಜೀಫಾ ಚಿತ್ರಣವನ್ನು ಉಳಿಸಿ ಬೆಳೆಸಿದುದೂ ಸಂತೋಷದ ಸಂಗತಿಗಳು. ಇನ್ನು ಆಗಬೇಕಾದ ಕೆಲಸ ಎರಡು. ನಂಜನಗೂಡು, ನರಸೀಪುರ ತಾಲ್ಲೂಕುಗಳ ಮನೆಮನೆಯ ಚೌಕಾಬಾರದ ಭೇದಗಳನ್ನು, ಹಿರಿಯರು ಇರುವಾಗಲೇ, ಇದೇ ಸರಿ ಅದು ತಪ್ಪೆಂಬ ನಿರ್ಣಯವಿಲ್ಲದೆ, ಬರೆದಿಡುವುದು ಒಂದು. ಚದದ ಆಟಗಳಲ್ಲಿ ಒಂದನ್ನಾದರೂ ಎಲೆಗಳನ್ನು ತಗ್ಗಿಸಿ, ವಿಧಿಗಳನ್ನು ತಿಳಿಗೊಳಿಸಿ, ಶಾಲೆಯ ಮಕ್ಕಳು ಆಡಬಹುದಾದ ರೂಪಕ್ಕೆ ತರುವುದು ಮತ್ತೊಂದು. ಅರಮನೆಯ ಕಲ್ಪನೆಯನ್ನು ಜಗಲಿಯ ನೆನಪಿಗೆ ಒಪ್ಪಿಸುವ ಈ ಕಾರ್ಯವನ್ನು ಕೈಗೊಂಡವರು, ಅದ್ಭುತಲೋಕದ ಆಟವನ್ನು ಕನ್ನಡದಲ್ಲಿಯೇ ಹೊಸದಾಗಿ ಕಟ್ಟುವುದಕ್ಕೂ ತಳಹದಿಯನ್ನು ಹಾಕಿದವರಾಗುತ್ತಾರೆ.