ಸೀಸೆ, ಕಾರ್ಡು, ಪೆಟ್ಟಿಗೆ: ತಿಂಗಳ ಮಾತ್ರೆಯ ಹಳೇ ಕಥೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ವಯಸ್ಸಾದವರಿರುವ ಎಷ್ಟೋ ಮನೆಗಳ ಗೂಡಿನಲ್ಲಿ ಬಿಪಿ, ಶುಗರ್ ಮಾತ್ರೆಯ ಕವರು ಇರುತ್ತದೆ. ತಿಂಗಳಾಯಿತೆಂದರೆ ಚೀಟಿ ಹಿಡಿದು ಮತ್ತೆ ಆಸ್ಪತ್ರೆಗೆ. ಇದು ಇತ್ತೀಚಿನ ಪದ್ಧತಿ ಅನ್ನಿಸಬಹುದು. ಅಲ್ಲ. ತಿಂಗಳು ತಿಂಗಳು ಮಾತ್ರೆ ಒಯ್ಯುವುದನ್ನು ನಮ್ಮ ಹಳ್ಳಿಗಳಿಗೆ ಕಲಿಸಿದ್ದು ಕ್ಷಯರೋಗ.

ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿದ್ದು 1959ರಲ್ಲಿ. ಹಳ್ಳಿಗಳಲ್ಲಿ ಈ ರೋಗ ಎಷ್ಟಿದೆ ಎಂದು ತಿಳಿಯಲು ಅದು 1960-61ರಲ್ಲಿ ಸಮೀಕ್ಷೆ ಮಾಡಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲೇ. ಅದರಲ್ಲಿ ಸಿಕ್ಕ ರೋಗಿಗಳನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾತನಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ದೊಡ್ಡವರ ನಂಬಿಕೆ. ಸಿಕ್ಕ ಉತ್ತರವೇ ಬೇರೆ. ಹೆಚ್ಚಿನವರಿಗೆ ತಮ್ಮ ಕೆಮ್ಮು, ಜ್ವರದ ಚಿಂತೆ ಇತ್ತು. ಸುಮಾರು ಅರ್ಧದಷ್ಟು ಜನ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ತಪ್ಪು ಜನರದ್ದಲ್ಲ ಎಂದು ನಮ್ಮ ಜಿಲ್ಲೆಯ ಬಡವರ ಮಾತು ಕೇಳಿಯೇ ದೇಶಕ್ಕೆ ಗೊತ್ತಾಯಿತು. ಈ ಸಂಗತಿ ನಮ್ಮ ಶಾಲೆಯ ಪುಸ್ತಕದಲ್ಲಿ ಇರಬೇಕಿತ್ತು.

1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಆರೋಗ್ಯಧಾಮದಲ್ಲಿ ಮಲಗಬೇಕಾಗಿಲ್ಲ, ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ವಾಸಿಯಾಗುತ್ತದೆ ಎಂದು 1959ರಲ್ಲೇ ಮದ್ರಾಸಿನ ಅಧ್ಯಯನ ತೋರಿಸಿತ್ತು. ಹಾಗಾಗಿ ರೋಗಿಗೊಂದು ಕಾರ್ಡು, ಒಂದು ತಿಂಗಳ ಮಾತ್ರೆ. ಮುಗಿದ ಮೇಲೆ ಮತ್ತೆ ಬರಬೇಕು, ಹೀಗೆ ವರ್ಷ, ಒಂದೂವರೆ ವರ್ಷ. ಬಾರದಿದ್ದರೆ ಕಾಗದ ಬರೆಯುತ್ತಿದ್ದರು, ಆಮೇಲೆ ಮನೆಗೇ ಹೋಗುತ್ತಿದ್ದರು. ಬಂದ ಕಾಗದವನ್ನು ಬೇರೆಯವರಿಂದ ಓದಿಸಬೇಕಾದ ಮನೆಯಲ್ಲಿ ರೋಗದ ಗುಟ್ಟು ಎಷ್ಟು ಉಳಿದೀತು! ಕೆಮ್ಮು ನಿಂತ ಕೂಡಲೇ ಕೂಲಿ ಬಿಟ್ಟು ಬರಲು ಮನಸ್ಸಾಗದೆ ಅರ್ಧಕ್ಕೇ ಬಿಟ್ಟವರು ಬಹಳ.

1997ರಿಂದ ಹೊಸ ಪದ್ಧತಿ ಹರಡಿತು. ಎದುರಿಗೇ ಮಾತ್ರೆ ನುಂಗಿಸುವುದು ಒಂದು. ನಮಗೆ ಇನ್ನೊಂದು ದೊಡ್ಡದೆನಿಸುತ್ತದೆ. ಆಗ ಚಿಕಿತ್ಸೆ ಶುರುವಾದ ದಿನವೇ ಪೂರ್ತಿ ಅವಧಿಯ ಮಾತ್ರೆಗಳ ಪೆಟ್ಟಿಗೆ ಆ ರೋಗಿಯ ಹೆಸರಿಗೆ ಮೀಸಲಾಗುತ್ತಿತ್ತು. ನಡುವೆ ದಾಸ್ತಾನು ಮುಗಿಯಿತು ಎಂಬ ಮಾತಿಗೆ ಜಾಗವಿರಬಾರದು ಎಂಬುದು ಅದರ ಉದ್ದೇಶವಾಗಿತ್ತು.

ಬಿಪಿ, ಶುಗರಿಗೆ ಅಂಥ ಪೆಟ್ಟಿಗೆ ಇಲ್ಲ. ಕ್ಷಯಕ್ಕೆ ಕೊನೆಯ ಮಾತ್ರೆ ಅನ್ನುವುದಿದೆ, ಇವಕ್ಕೆ ಸಾಮಾನ್ಯವಾಗಿ ಜೀವನಪೂರ್ತಿ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ತಪಾಸಣೆಯನ್ನು ಮನೆ ಬಾಗಿಲಿಗೆ ತಂದಿತು. ಆದರೆ ಒಮ್ಮೆ ರೋಗ ಗೊತ್ತಾದವರಿಗೆ ಪ್ರತಿ ತಿಂಗಳೂ ಮಾತ್ರೆ ಬೇಕು. ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಬಸ್ಸು ಪುಕ್ಕಟೆ, ಅಜ್ಜನಿಗೆ ಟಿಕೆಟು. ಕೂಲಿ ಹೋದರೆ ಇಬ್ಬರಿಗೂ ಹೋಯಿತು. ಅಷ್ಟು ದೂರ ಬಂದವರಿಗೆ ಮಾತ್ರೆ ಸಿಗದಿದ್ದರೆ, ಮುಂದಿನ ತಿಂಗಳಿಗೆ ಎಷ್ಟು ಜನರ ಲೆಕ್ಕ ಹಿಡಿದು ತರಿಸುತ್ತಿದ್ದೀರಿ ಎಂದು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯನ್ನು ಕೇಳಬಹುದು.